204 ಹಾಸಿಗೆಗಳ ಆಸ್ಪತ್ರೆ: ದೆಹಲಿಯಲ್ಲಿ ಗುರುತು ಅಳಿಸಿಹೋದ ಒಂದು ಯುದ್ಧಕಾಲದ ಜಾಗ

ಈ ಸಲದ ಮಾತು ನಮ್ಮಲ್ಲಿ ಬಹಳ ಜನ ದಿನಾ ದಾಟಿಹೋಗುವ ಒಂದು ಜಾಗದ ಬಗ್ಗೆ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಮೆಟ್ರೋದಲ್ಲಿ ನಿಂತ್ಕೊಂಡೇ ಓದ್ತೀವಿ ಅನ್ನೋರಿಗಾಗಿ ಎಂದಿನಂತೆ ಮಾತನ್ನು ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೀನಿ.

ಗುರುಗ್ರಾಮದಿಂದ ಯೆಲ್ಲೋ ಲೈನ್ ಹತ್ತಿದರೆ ಹೌಜ್ ಖಾಸ್, ಗ್ರೀನ್ ಪಾರ್ಕ್ ಆದಮೇಲೆ ಏಮ್ಸ್ ಸ್ಟೇಷನ್ ಬರುತ್ತೆ. ಬೋಗಿಯಲ್ಲಿ ಎಕ್ಸ್‌ರೇ ಕವರ್ ಹಿಡಿದುಕೊಂಡವರು, ಕಂಬಳಿ ಗಂಟು ಹೊತ್ತವರು ಎಲ್ಲ ಅಲ್ಲಿ ಇಳೀತಾರೆ. ನಾವು ಲ್ಯಾಪ್‌ಟಾಪ್ ಬ್ಯಾಗಿನವರು ಸ್ವಲ್ಪ ಸರಿದು ದಾರಿ ಬಿಡ್ತೀವಿ, ಮತ್ತೆ ಫೋನ್ ನೋಡ್ತೀವಿ. ಆರು ವರ್ಷ ನಾನೂ ಇಷ್ಟೇ ಮಾಡಿದ್ದು.

ಹೋದ ಚಳಿಗಾಲದಲ್ಲಿ ನಾನೂ ಅಲ್ಲಿ ಇಳಿಯಬೇಕಾಯ್ತು. ಸಹೋದ್ಯೋಗಿಯೊಬ್ಬರ ತಂದೆಗೆ ರಕ್ತ ಬೇಕಿತ್ತು. ರಸ್ತೆಯ ಒಂದು ಕಡೆ ಏಮ್ಸ್, ಎದುರುಗಡೆ ಸಫ್ದರ್‌ಜಂಗ್ ಆಸ್ಪತ್ರೆ. ನಾನು ಹೋಗಬೇಕಿದ್ದದ್ದು ಸಫ್ದರ್‌ಜಂಗ್‌ಗೆ. ರಕ್ತ ಕೊಟ್ಟು, ಕೊಟ್ಟ ಬಿಸ್ಕತ್ತು ತಿಂದು, ಸ್ವಲ್ಪ ಹೊತ್ತು ಕೂತಿರಿ ಅಂದರು ಅಂತ ಕೂತಿದ್ದೆ. ಟೈಂಪಾಸ್‌ಗೆ ಆಸ್ಪತ್ರೆಯ ವೆಬ್‌ಸೈಟ್ ತೆಗೆದೆ. ಮೊದಲ ಪ್ಯಾರಾದಲ್ಲೇ ಇತ್ತು: ಈ ಆಸ್ಪತ್ರೆ ಶುರುವಾದದ್ದು 1942ರಲ್ಲಿ, ಎರಡನೇ ಮಹಾಯುದ್ಧದ ಸಮಯದಲ್ಲಿ, ಮಿತ್ರಪಡೆಗಳ ಬೇಸ್ ಹಾಸ್ಪಿಟಲ್ ಆಗಿ. ಆಗ ಇದ್ದದ್ದು 204 ಹಾಸಿಗೆ.

ಓದಿ ತಲೆಯೆತ್ತಿ ನೋಡಿದೆ. ಸುತ್ತಲೂ ದೊಡ್ಡ ದೊಡ್ಡ ಬ್ಲಾಕುಗಳು, ಜನಸಾಗರ, ಟ್ರಾಲಿಗಳ ಸದ್ದು. ಆ 204 ಹಾಸಿಗೆಯ ಸೈನಿಕ ಆಸ್ಪತ್ರೆ ಎಲ್ಲಿ ಹೋಯ್ತು? ಅದೇ ಹೊತ್ತಿಗೆ ಇನ್ನೊಂದು ನೆನಪೂ ಬಂತು. ನಮ್ಮ ತಾತ ಹೇಳ್ತಿದ್ದ ಒಂದು ಮಾತು. ಅದಕ್ಕೆ ಆಮೇಲೆ ಬರ್ತೀನಿ.

ದೆಹಲಿಗೆ ಅಮೆರಿಕನ್ನರು ಬಂದಾಗ

1942ರ ಪರಿಸ್ಥಿತಿ ಒಮ್ಮೆ ನೆನಪಿಸಿಕೊಳ್ಳಿ. ಫೆಬ್ರವರಿಯಲ್ಲಿ ಸಿಂಗಾಪುರ ಜಪಾನಿನ ಕೈಗೆ ಹೋಯ್ತು. ಮಾರ್ಚ್‌ನಲ್ಲಿ ರಂಗೂನ್ ಬಿತ್ತು. ಬರ್ಮಾದಿಂದ ಲಕ್ಷಗಟ್ಟಲೆ ಜನ ಕಾಲ್ನಡಿಗೆಯಲ್ಲಿ ಅಸ್ಸಾಮಿನ ಕಡೆ ಬಂದರು. ಚೀನಾಕ್ಕೆ ಸಾಮಾನು ಹೋಗ್ತಿದ್ದ ಬರ್ಮಾ ರಸ್ತೆ ಮುಚ್ಚಿಹೋಯ್ತು. ಇನ್ನು ಭಾರತದ ನೆಲದಿಂದಲೇ ಹಿಮಾಲಯದ ಅಂಚಿನ ಮೇಲೆ ವಿಮಾನ ಹಾರಿಸಿ ಚೀನಾಕ್ಕೆ ಸರಕು ತಲುಪಿಸಬೇಕು. ಹಾಗಾಗಿ ಅಮೆರಿಕದ ಸೈನ್ಯ ಭಾರತಕ್ಕೆ ಬಂತು. ಚೀನಾ, ಬರ್ಮಾ, ಇಂಡಿಯಾ ಮೂರನ್ನೂ ಸೇರಿಸಿ ಅವರು ಸಿಬಿಐ ಥಿಯೇಟರ್ ಅಂತ ಕರೆದರು. ಜನರಲ್ ಸ್ಟಿಲ್‌ವೆಲ್ ಅದರ ಮುಖ್ಯಸ್ಥ. ಮುಂದೆ 1943ರ ಅಕ್ಟೋಬರ್‌ನಲ್ಲಿ ಮೌಂಟ್‌ಬ್ಯಾಟನ್ ಬಂದು ಆಗ್ನೇಯ ಏಷ್ಯಾ ಕಮಾಂಡಿನ ಕೇಂದ್ರವನ್ನೂ ದೆಹಲಿಯಲ್ಲೇ ತೆರೆದ. 1944ರ ಏಪ್ರಿಲ್‌ನಲ್ಲಿ ಅದು ಸಿಲೋನಿನ ಕ್ಯಾಂಡಿಗೆ ಹೋಯ್ತು.

ನವದೆಹಲಿ ಉದ್ಘಾಟನೆಯಾಗಿ ಆಗಿನ್ನೂ ಹನ್ನೊಂದು ವರ್ಷ. 1931ರಲ್ಲಿ ಉದ್ಘಾಟನೆಯಾದ ಊರು ಅದು. ಆ ಹೊಸ ಊರಿನ ಖಾಲಿ ಜಾಗಗಳಲ್ಲೆಲ್ಲ ಸಾಲುಸಾಲು ಬ್ಯಾರಕ್ಕುಗಳು ಎದ್ದವು. ಊರಿನ ದಕ್ಷಿಣ ಅಂಚಿನಲ್ಲಿ 1754ರಲ್ಲಿ ಕಟ್ಟಿದ ಸಫ್ದರ್‌ಜಂಗ್ ಗೋರಿ. ಅದರ ಪಕ್ಕದಲ್ಲಿ 1929ರ ವಿಲಿಂಗ್ಡನ್ ಏರ್‌ಫೀಲ್ಡ್, ಅಂದರೆ ಈಗಿನ ಸಫ್ದರ್‌ಜಂಗ್ ಏರ್‌ಪೋರ್ಟ್. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಈ ಆಸ್ಪತ್ರೆ.

ಈಗ ಆ ಜಾಗದ ಹೆಸರು ಅನ್ಸಾರಿ ನಗರ. ಡಾ. ಮುಖ್ತಾರ್ ಅಹ್ಮದ್ ಅನ್ಸಾರಿ 1927ರ ಮದ್ರಾಸ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು. ಅದಕ್ಕೂ ಮುಂಚೆ, 1912ರಲ್ಲಿ ಬಾಲ್ಕನ್ ಯುದ್ಧದ ಸಮಯದಲ್ಲಿ, ಗಾಯಗೊಂಡ ತುರ್ಕಿ ಸೈನಿಕರ ಚಿಕಿತ್ಸೆಗೆ ಭಾರತದಿಂದ ವೈದ್ಯರ ತಂಡ ಕರೆದುಕೊಂಡು ಹೋದವರು ಇವರೇ. ಸೈನಿಕ ಆಸ್ಪತ್ರೆಯಿದ್ದ ನೆಲಕ್ಕೆ ಇಂಥವರ ಹೆಸರು ಬಂದಿರೋದು ನನಗಂತೂ ಇಷ್ಟವಾಯ್ತು.

ಗುಂಡಿಗಿಂತ ಸೊಳ್ಳೆ ದೊಡ್ಡ ಶತ್ರು

ಈಗ ತಾತನ ವಿಷಯ. ನಮ್ಮೂರು ಯಲಹಂಕದಿಂದ ಆಚೆ. ತಾತ ಹದಿನೆಂಟು ಹತ್ತೊಂಬತ್ತರ ಹುಡುಗನಾಗಿದ್ದಾಗ ಜಾಲಹಳ್ಳಿಯ ಮಿಲಿಟರಿ ಆಸ್ಪತ್ರೆಯಲ್ಲಿ ನೀರು ಹೊರೋ ಕೆಲಸಕ್ಕಿದ್ದ. ‘ಆಸ್ಪತ್ರೆ ಟೌನು’ ಅಂತಿದ್ದ. ಯುದ್ಧಕಾಲದಲ್ಲಿ ಪೂರ್ವದ ರಣರಂಗದಿಂದ ಬರುವ ಸೈನಿಕರಿಗಾಗಿ ಜಾಲಹಳ್ಳಿಯಲ್ಲಿ ಆಸ್ಪತ್ರೆಗಳದ್ದೇ ಒಂದು ಊರು ಕಟ್ಟಿದ್ದರು, ಅದನ್ನ ಹಾಸ್ಪಿಟಲ್ ಟೌನ್ ಅಂತಲೇ ಕರೀತಿದ್ದರು. ಅದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಚಿಕ್ಕವನಿದ್ದಾಗ ನಾನು ಕೇಳ್ತಿದ್ದದ್ದು ಒಂದೇ: ‘ತಾತ, ಗುಂಡೇಟು ಬಿದ್ದೋರನ್ನ ನೋಡಿದ್ಯಾ?’

ತಾತ ಪ್ರತಿಸಲ ಒಂದೇ ಉತ್ತರ ಕೊಡ್ತಿದ್ದ: ‘ಗುಂಡೇಟಿನೋರು ಎಲ್ಲೋ ಒಬ್ರು ಕಣಪ್ಪ. ಬಂದೋರೆಲ್ಲ ಚಳಿಜ್ವರದೋರೇ. ಮೂರು ಕಂಬಳಿ ಹೊದಿಸಿದ್ರೂ ಮಂಚ ಗಡಗಡ ಅಂತಿತ್ತು.’ ನನಗೆ ನಿರಾಸೆ. ಯುದ್ಧದ ಕಥೆಯಲ್ಲಿ ಜ್ವರ ಯಾರಿಗೆ ಬೇಕು? ತಾತನಿಗೆ ಸರಿಯಾಗಿ ನೆನಪಿಲ್ಲ ಅಂತ ಅಂದುಕೊಂಡಿದ್ದೆ.

ಸಫ್ದರ್‌ಜಂಗ್‌ನಿಂದ ವಾಪಸ್ ಬಂದ ಮೇಲೆ ಫೀಲ್ಡ್ ಮಾರ್ಷಲ್ ಸ್ಲಿಮ್ ಬರೆದ ‘ಡಿಫೀಟ್ ಇಂಟು ವಿಕ್ಟರಿ’ ಓದಿದೆ. ಬರ್ಮಾ ರಣರಂಗದ 14ನೇ ಸೈನ್ಯದ ದಂಡನಾಯಕ ಅವನು. ಅವನ ಲೆಕ್ಕ ಏನು ಗೊತ್ತಾ? 1943ರಲ್ಲಿ ಗಾಯದಿಂದ ಹಿಂದಕ್ಕೆ ಸಾಗಿಸಿದ ಪ್ರತಿ ಒಬ್ಬ ಸೈನಿಕನಿಗೆ ಕಾಯಿಲೆಯಿಂದ ಸಾಗಿಸಿದವರು 120 ಜನ. ಮಲೇರಿಯಾ ಒಂದೇ ವರ್ಷಕ್ಕೆ ಸೈನ್ಯದ ಒಟ್ಟು ಸಂಖ್ಯೆಯ 84 ಶೇಕಡಾದಷ್ಟಿತ್ತು. ಅದರ ಜೊತೆಗೆ ಭೇದಿ, ಚರ್ಮರೋಗ, ಟೈಫಸ್. ತಾತ ಹೇಳಿದ್ದು ಅಕ್ಷರಶಃ ನಿಜ. ನೀರಿನ ಬಿಂದಿಗೆ ಹೊತ್ತ ಹುಡುಗ ಕಂಡದ್ದೂ ದಂಡನಾಯಕ ಲೆಕ್ಕ ಹಾಕಿದ್ದೂ ಒಂದೇ. ಆ ಮಾತು ಓದುವ ಹೊತ್ತಿಗೆ ತಾತ ಹೋಗಿ ಇಪ್ಪತ್ತು ವರ್ಷದ ಮೇಲಾಗಿತ್ತು.

ಸ್ಲಿಮ್ ಇದನ್ನ ಹೇಗೆ ಸರಿಪಡಿಸಿದ ಅನ್ನೋದನ್ನೂ ಕೇಳಿ, ನಮ್ಮ ಕಂಪ್ಲಯನ್ಸ್ ಟ್ರೈನಿಂಗ್ ನೆನಪಾಗುತ್ತೆ. ಮೆಪಾಕ್ರಿನ್ ಅನ್ನೋ ಮಾತ್ರೆ ದಿನಾ ನುಂಗಬೇಕು. ಅದು ಮೈಯನ್ನ ಹಳದಿ ಮಾಡ್ತಿತ್ತು. ಗಂಡಸುತನ ಹೋಗುತ್ತೆ ಅನ್ನೋ ಗಾಳಿಸುದ್ದಿ ಬೇರೆ. ಸೈನಿಕರು ಉಗುಳಿಬಿಡ್ತಿದ್ದರು. ಸ್ಲಿಮ್ ಹೇಳದೆ ಕೇಳದೆ ಇಡೀ ತುಕಡಿಯ ರಕ್ತಪರೀಕ್ಷೆ ಮಾಡಿಸಿದ. ನೂರಕ್ಕೆ 95 ಜನರ ರಕ್ತದಲ್ಲಿ ಔಷಧ ಕಾಣದಿದ್ದರೆ ಆ ತುಕಡಿಯ ಕಮಾಂಡಿಂಗ್ ಆಫೀಸರ್ ಮನೆಗೆ. ಮೂರು ಜನರನ್ನ ತೆಗೆದದ್ದೇ ಸಾಕಾಯ್ತು, ಉಳಿದವರು ದಾರಿಗೆ ಬಂದರು.

ಮಲೇರಿಯಾ ಸೊಳ್ಳೆಯಿಂದ ಬರುತ್ತೆ ಅನ್ನೋ ಗುಟ್ಟನ್ನ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಪತ್ತೆ ಮಾಡಿದ ರೊನಾಲ್ಡ್ ರಾಸ್ ಕೂಡ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಅಧಿಕಾರಿಯೇ. ಅಂದರೆ ಸೈನ್ಯದ ವೈದ್ಯರಿಗೆ ಕಾರಣ ಗೊತ್ತಾಗಿ 45 ವರ್ಷ ಕಳೆದಿತ್ತು. ಆದರೂ ಹಾಸಿಗೆಗಳು ಸಾಲ್ತಿರಲಿಲ್ಲ.

ಬ್ಯಾರಕ್ ಆಸ್ಪತ್ರೆ ಅಂದರೆ ಏನು

ಯುದ್ಧಕಾಲದ ಆಸ್ಪತ್ರೆಗಳ ಫೋಟೋ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತವೆ. ಉದ್ದುದ್ದದ ಒಂದಂತಸ್ತಿನ ಶೆಡ್ಡುಗಳು, ಎರಡೂ ಕಡೆ ಕಿಟಕಿ, ಶೆಡ್ಡಿಗೂ ಶೆಡ್ಡಿಗೂ ನಡುವೆ ಧಾರಾಳ ಜಾಗ. ಇದು ಬರೀ ಅವಸರದ ಕೆಲಸ ಅಲ್ಲ, ಇದರ ಹಿಂದೆ ತೊಂಬತ್ತು ವರ್ಷದ ಲೆಕ್ಕಾಚಾರ ಇದೆ.

1853-56ರ ಕ್ರಿಮಿಯನ್ ಯುದ್ಧದಲ್ಲಿ ಆಸ್ಪತ್ರೆಯಲ್ಲೇ ರೋಗ ಹಬ್ಬಿ ಸೈನಿಕರು ಸತ್ತರು. ಫ್ಲಾರೆನ್ಸ್ ನೈಟಿಂಗೇಲ್ ಅಂಕಿಅಂಶ ಹಿಡಿದು ಜಗಳವಾಡಿದಳು. ಗಾಳಿ ಬೆಳಕು ಬರಬೇಕು, ವಾರ್ಡುಗಳು ಬೇರೆಬೇರೆ ಇರಬೇಕು, ಚರಂಡಿ ಸರಿ ಇರಬೇಕು ಅಂತ. ಅದೇ ಯುದ್ಧಕ್ಕಾಗಿ ಇಂಜಿನಿಯರ್ ಬ್ರುನೆಲ್ 1855ರಲ್ಲಿ ತುರ್ಕಿಯ ರೆಂಕಿಯೋಯ್‌ಗೆ ಒಂದು ಆಸ್ಪತ್ರೆ ಡಿಸೈನ್ ಮಾಡಿಕೊಟ್ಟ. ಮರದ ಭಾಗಗಳನ್ನ ಇಂಗ್ಲೆಂಡಿನಲ್ಲೇ ತಯಾರಿಸಿ, ಹಡಗಿನಲ್ಲಿ ಕಳಿಸಿ, ಅಲ್ಲಿ ಜೋಡಿಸಿದ್ದು. ಪ್ರತಿ ವಾರ್ಡೂ ಒಂದು ಮಾಡ್ಯೂಲ್. ರೋಗಿಗಳು ಹೆಚ್ಚಾದರೆ ಇನ್ನೊಂದು ಸೇರಿಸಿ. ನಾವು ಸ್ಕೇಲ್ ಮಾಡೋದು ಅಂತೀವಲ್ಲ, ಹೆಚ್ಚುಕಮ್ಮಿ ಅದೇ.

ಭಾರತದಲ್ಲಿ ಬ್ರಿಟಿಷ್ ಸೈನಿಕರ ಸಾವಿನ ಬಗ್ಗೆ 1863ರಲ್ಲಿ ಒಂದು ರಾಯಲ್ ಕಮಿಷನ್ ವರದಿ ಬಂತು. ವರ್ಷಕ್ಕೆ ಸಾವಿರಕ್ಕೆ 69 ಸಾವು, ಅದೂ ಬಹುಪಾಲು ಯುದ್ಧದಿಂದಲ್ಲ, ಕಾಯಿಲೆಯಿಂದ. ನಮ್ಮ ಕಂಟೋನ್ಮೆಂಟುಗಳ ಅಗಲ ರಸ್ತೆ, ಬಿಡಿಬಿಡಿ ಕಟ್ಟಡ, ಮರಗಿಡ ಎಲ್ಲದರ ಹಿಂದೆ ಆ ಅಂಕಿಯ ಭಯವೂ ಇದೆ. ಆದರೆ ಆ ಕಾಳಜಿ ಕಂಟೋನ್ಮೆಂಟಿನ ಬೇಲಿ ದಾಟಿ ಊರೊಳಗೆ ಹೆಚ್ಚು ಬರಲಿಲ್ಲ.

ಯುದ್ಧ ಮುಗೀತು, ಹಾಸಿಗೆ ಉಳೀತು

1945ರಲ್ಲಿ ಯುದ್ಧ ಮುಗೀತು. ಅಮೆರಿಕನ್ನರು ಗಂಟುಮೂಟೆ ಕಟ್ಟಿದರು. ಸೈನಿಕ ಆಸ್ಪತ್ರೆಯ ಕೆಲಸ ಅಲ್ಲಿಗೆ ಮುಗಿಯಬೇಕು. ಕೆಡವಿ, ಜಾಗ ಖಾಲಿ ಮಾಡಬಹುದಿತ್ತು. ಯಾಕೆ ಹಾಗಾಗಲಿಲ್ಲ?

ಉತ್ತರ ಭೋರ್ ಸಮಿತಿ ವರದಿಯಲ್ಲಿದೆ. ಸರ್ ಜೋಸೆಫ್ ಭೋರ್ ನೇತೃತ್ವದ ಈ ಸಮಿತಿ 1943ರಲ್ಲಿ, ಯುದ್ಧ ನಡೀತಿರುವಾಗಲೇ ನೇಮಕವಾಯ್ತು. ವರದಿ ಬಂದದ್ದು 1946ರಲ್ಲಿ. ಬ್ರಿಟಿಷ್ ಭಾರತದಲ್ಲಿ ಸುಮಾರು 6,300 ಜನಕ್ಕೆ ಒಬ್ಬ ಡಾಕ್ಟರ್, 43,000 ಜನಕ್ಕೆ ಒಬ್ಬ ನರ್ಸ್. ಸಾವಿರ ಜನಕ್ಕೆ ಕಾಲು ಹಾಸಿಗೆಯೂ ಇಲ್ಲ, 0.24 ಅಂತ ಲೆಕ್ಕ. ಇಷ್ಟು ಬಡತನ ಇರುವಾಗ ಕಟ್ಟಿ ನಿಂತಿರುವ 204 ಹಾಸಿಗೆಯನ್ನ ಯಾರು ಬಿಸಾಡ್ತಾರೆ? ಮೇಲಾಗಿ 1947ರಲ್ಲಿ ದೇಶ ವಿಭಜನೆಯಾಗಿ ದೆಹಲಿಗೆ ಲಕ್ಷಾಂತರ ನಿರಾಶ್ರಿತರು ಬಂದರು. ಪುರಾನಾ ಕಿಲಾ, ಹುಮಾಯೂನ್ ಗೋರಿ, ಕಿಂಗ್ಸ್‌ವೇ ಕ್ಯಾಂಪ್ ಎಲ್ಲ ಕಡೆ ಜನ. ಊರು ದಕ್ಷಿಣಕ್ಕೆ ಬೆಳೀತಾ ಬಂತು.

1954ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಈ ಆಸ್ಪತ್ರೆಯನ್ನ ತೆಗೆದುಕೊಂಡಿತು. ಆಗ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್. ಭೋರ್ ಸಮಿತಿ ಕೇಳಿದ್ದ ದೊಡ್ಡ ವೈದ್ಯಕೀಯ ಸಂಸ್ಥೆಯ ಮಸೂದೆಯನ್ನ ಅವರು 1956ರಲ್ಲಿ ಲೋಕಸಭೆಗೆ ತಂದರು. ಕೊಲಂಬೊ ಯೋಜನೆಯಡಿ ನ್ಯೂಜಿಲೆಂಡ್ ಹಣ ಕೊಟ್ಟಿತು. ಅದೇ ಏಮ್ಸ್, ಸಫ್ದರ್‌ಜಂಗ್ ಎದುರಿಗೇ ಬಂತು. ಏಮ್ಸ್ ಬರುವವರೆಗೆ ದಕ್ಷಿಣ ದೆಹಲಿಗೆಲ್ಲ ದೊಡ್ಡಾಸ್ಪತ್ರೆ ಅಂತ ಇದ್ದದ್ದು ಯುದ್ಧದಿಂದ ಉಳಿದ ಇದೊಂದೇ.

ಆಮೇಲಿನದನ್ನ ಬೇಗ ಹೇಳ್ತೀನಿ. 1962ರಲ್ಲಿ ಸ್ನಾತಕೋತ್ತರ ತರಬೇತಿ ಕೇಂದ್ರವಾಯ್ತು. 1973ರಿಂದ 1990ರವರೆಗೆ ಯೂನಿವರ್ಸಿಟಿ ಕಾಲೇಜ್ ಆಫ್ ಮೆಡಿಕಲ್ ಸೈನ್ಸಸ್ ಜೊತೆಗಿತ್ತು. 2001ರಲ್ಲಿ ಅದರದ್ದೇ ವರ್ಧಮಾನ್ ಮಹಾವೀರ್ ಮೆಡಿಕಲ್ ಕಾಲೇಜು ಶುರುವಾಯ್ತು. 204 ಇದ್ದ ಹಾಸಿಗೆ 1,531ಕ್ಕೆ ಏರಿತು. 2018ರಲ್ಲಿ 500 ಹಾಸಿಗೆಯ ಹೊಸ ಎಮರ್ಜೆನ್ಸಿ ಬ್ಲಾಕ್, ಅದರ ಜೊತೆ ಸೂಪರ್ ಸ್ಪೆಷಾಲಿಟಿ ಬ್ಲಾಕ್ ಉದ್ಘಾಟನೆಯಾದವು. ಒಂದು ದಿನವೂ ಶಟರ್ ಎಳೆಯದೆ, ಓಡುತ್ತಿರುವ ಸಿಸ್ಟಮ್ಮನ್ನೇ ತುಂಡುತುಂಡಾಗಿ ಬದಲಾಯಿಸ್ತಾ ಹೋದಹಾಗೆ. ಕೊನೆಗೆ ಹಳೇ ಕೋಡ್‌ನ ಒಂದು ಸಾಲೂ ಕಾಣಲ್ಲ, ಆದರೆ ಸರ್ವಿಸ್ ನಡೀತಾನೇ ಇದೆ. ಸೈನಿಕ ಆಸ್ಪತ್ರೆ ಎಂಬುದು ಮುಗಿದದ್ದು ಹೀಗೆ.

ನಮ್ಮ ಜಾಲಹಳ್ಳಿ ಬೇರೆ ದಾರಿ ಹಿಡೀತು. ಅಲ್ಲಿ 1949ರಲ್ಲಿ ವಾಯುಪಡೆಯ ಟೆಕ್ನಿಕಲ್ ಕಾಲೇಜು ಬಂತು, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಇದನ್ನ ಓದ್ತಿರೋರಲ್ಲಿ ಎಷ್ಟೋ ಜನರ ಅಪ್ಪಂದಿರು ಆ ಕಾರ್ಖಾನೆಗಳ ಸೈರನ್ನಿಗೆ ಎದ್ದವರು. ತಾತ ಒಂದು ಸಲ ನನ್ನನ್ನ ಬಸ್ಸಿನಲ್ಲಿ ಆ ಕಡೆ ಕರೆದುಕೊಂಡು ಹೋಗಿದ್ದ. ಕಿಟಕಿಯಿಂದ ಒಂದು ಉದ್ದನೆ ಕಾಂಪೌಂಡ್ ಗೋಡೆ ತೋರಿಸಿ, ‘ಇಲ್ಲೇ ಕಣೋ ನಮ್ಮ ವಾರ್ಡು’ ಅಂದ. ನನಗೆ ಗೋಡೆ ಮಾತ್ರ ಕಂಡದ್ದು.

ಕಾಣೆಯಾದ ಯುದ್ಧಕಾಲದ ದೆಹಲಿ

ಆಸ್ಪತ್ರೆ ಒಂದೇ ಅಲ್ಲ, ಆ ಕಾಲದ ದೆಹಲಿ ಪೂರ್ತಿ ಹೀಗೇ ಕರಗಿದೆ. ಕನಾಟ್ ಪ್ಲೇಸಿನಲ್ಲಿ ಥಿಯೇಟರ್ ಕಮ್ಯುನಿಕೇಷನ್ ಬಿಲ್ಡಿಂಗ್ ಅಂತ ಯುದ್ಧಕಾಲದ ಒಂದು ಕಟ್ಟಡ ಇತ್ತು. ಹೆಸರು ಕೇಳಿ ಸಿನಿಮಾ ಥಿಯೇಟರ್ ಅಂದುಕೋಬೇಡಿ, ಯುದ್ಧದ ‘ಥಿಯೇಟರ್’. ಮುಂದೆ ಅಲ್ಲಿ ಕಾಫಿ ಹೌಸ್ ನಡೀತು. 1957ರಲ್ಲಿ ಕಾರ್ಮಿಕರೇ ಸಹಕಾರ ಸಂಘ ಕಟ್ಟಿಕೊಂಡು ಕಾಫಿ ಹೌಸ್ ನಡೆಸೋ ಪದ್ಧತಿ ಶುರುವಾದಾಗ ಅದರಲ್ಲಿ ಮೊದಲ ಸಂಘ ನಮ್ಮ ಬೆಂಗಳೂರಿನದು. ದೆಹಲಿಯ ಆ ಕಟ್ಟಡವನ್ನ 1976ರಲ್ಲಿ, ತುರ್ತುಪರಿಸ್ಥಿತಿಯ ಸಮಯದಲ್ಲಿ ಕೆಡವಿದರು. ಈಗ ಅಲ್ಲಿ ಪಾಲಿಕಾ ಬಜಾರ್.

ಇನ್ನು ಸೌತ್ ಬ್ಲಾಕ್ ಸುತ್ತಮುತ್ತ ಯುದ್ಧಕಾಲದ ಗುಡಿಸಲು ಶೆಡ್ಡುಗಳಲ್ಲಿ ರಕ್ಷಣಾ ಇಲಾಖೆಯ ಕಚೇರಿಗಳು ಮೊನ್ನೆಮೊನ್ನೆವರೆಗೂ ಇದ್ದವು. 2021ರ ಸೆಪ್ಟೆಂಬರ್‌ನಲ್ಲಿ ಆಫ್ರಿಕಾ ಅವೆನ್ಯೂ ಮತ್ತು ಕಸ್ತೂರ್ಬಾ ಗಾಂಧಿ ಮಾರ್ಗದಲ್ಲಿ ಹೊಸ ಕಟ್ಟಡ ತೆರೆದು, ಸುಮಾರು 7,000 ನೌಕರರನ್ನ ಅಲ್ಲಿಗೆ ಕಳಿಸಿದರು. ತಾತ್ಕಾಲಿಕ ಅಂತ ಕಟ್ಟಿದ್ದು ಎಪ್ಪತ್ತೈದು ವರ್ಷ ಬಾಳಿತ್ತು.

ಹಾಗಾದ್ರೆ ಇವನ್ನೆಲ್ಲ ಉಳಿಸಬೇಕಿತ್ತಾ? ಆಸ್ಪತ್ರೆಯ ವಿಷಯದಲ್ಲಿ ನಾನು ಇಲ್ಲ ಅಂತಲೇ ಹೇಳ್ತೀನಿ. ಆವತ್ತು ರಾತ್ರಿ ಫುಟ್‌ಪಾತಿನ ಮೇಲೆ ಮಲಗಿದ್ದವರನ್ನ ನೋಡಿದವರಾರೂ, ಇತಿಹಾಸ ಚೆನ್ನಾಗಿ ಕಾಣಲಿ ಅಂತ ಹಳೇ ಶೆಡ್ಡು ಹಾಗೇ ಬಿಡಿ ಅನ್ನಲ್ಲ. ಹಾಸಿಗೆ ಬೇಕು, ಲಿಫ್ಟ್ ಬೇಕು, ಐಸಿಯು ಬೇಕು. ಆಸ್ಪತ್ರೆಯ ಕಟ್ಟಡಕ್ಕೆ ರೋಗಿಗಿಂತ ದೊಡ್ಡ ಹಕ್ಕು ಇಲ್ಲ.

ಸತ್ತವರ ಪಟ್ಟಿ ಇದೆ, ಬದುಕಿದವರದ್ದು?

ಆದರೂ ಒಂದು ಪ್ರಶ್ನೆ ನನ್ನನ್ನ ಬಿಡಲಿಲ್ಲ. ಒಂದು ಭಾನುವಾರ ದೆಹಲಿ ಕಂಟೋನ್ಮೆಂಟಿನ ಬ್ರಾರ್ ಸ್ಕ್ವೇರ್‌ಗೆ ಹೋದೆ. ಅಲ್ಲಿ ದೆಹಲಿ ವಾರ್ ಸಿಮೆಟ್ರಿ ಇದೆ. 1951ರಲ್ಲಿ, ಉತ್ತರ ಭಾರತದ ಬೇರೆಬೇರೆ ಸ್ಮಶಾನಗಳಿಂದ ಸೈನಿಕರ ಗೋರಿಗಳನ್ನ ಒಂದೆಡೆ ತಂದು ಮಾಡಿದ್ದು. ಒಂದೇ ಅಳತೆಯ ಕಲ್ಲುಗಳು, ಕತ್ತರಿಸಿದ ಹುಲ್ಲು, ಹೂವಿನ ಗಿಡ. ಅಲ್ಲಿನ ಸ್ಮಾರಕ ಅವಿಭಜಿತ ಭಾರತದ 25,000ಕ್ಕೂ ಹೆಚ್ಚು ಸೈನಿಕರ ನೆನಪಿನದು. ಅಮೆರಿಕನ್ನರು ತಮ್ಮವರ ಅವಶೇಷಗಳನ್ನ ಯುದ್ಧದ ನಂತರ ಭಾರತದಿಂದ ತೆಗೆದುಕೊಂಡೇ ಹೋದರು. ಸತ್ತವರಿಗೆ ಲೆಕ್ಕ ಇದೆ, ಹೆಸರಿದೆ, ಕಲ್ಲಿದೆ. ಇರಬೇಕಾದ್ದೇ.

ಜ್ವರ ಬಿಟ್ಟು, ಮಂಚದಿಂದ ಎದ್ದು, ಹಡಗು ಹತ್ತಿ ಊರಿಗೆ ಹೋದವರು? ಅವರಿಗೆ ಕಲ್ಲಿಲ್ಲ. ಅವರನ್ನ ಎಬ್ಬಿಸಿ ಕೂರಿಸಿದವರಿಗಂತೂ ಏನೂ ಇಲ್ಲ. ಆಸ್ಪತ್ರೆ ತನ್ನ ಕೆಲಸ ಚೆನ್ನಾಗಿ ಮಾಡಿದಷ್ಟೂ ಅದರ ಗುರುತು ಉಳಿಯಲ್ಲ. ವಾಸಿಯಾದವನು ಮೊದಲು ಮರೆಯೋದೇ ಆಸ್ಪತ್ರೆಯನ್ನ.

1943ರ ಏಪ್ರಿಲ್ 3ರಂದು ಇಂಡಿಯನ್ ಮೆಡಿಕಲ್ ಸರ್ವಿಸ್, ಇಂಡಿಯನ್ ಮೆಡಿಕಲ್ ಡಿಪಾರ್ಟ್‌ಮೆಂಟ್, ಇಂಡಿಯನ್ ಹಾಸ್ಪಿಟಲ್ ಕೋರ್ ಮೂರನ್ನೂ ಸೇರಿಸಿ ಇಂಡಿಯನ್ ಆರ್ಮಿ ಮೆಡಿಕಲ್ ಕೋರ್ ಮಾಡಿದರು. ಡಾಕ್ಟರಿನಿಂದ ವಾರ್ಡಿನ ಕೆಲಸದವನವರೆಗೆ ಎಲ್ಲ ಒಂದೇ ಪಡೆ. ನಮ್ಮ ತಾತನಂಥ ದಿನಗೂಲಿಯವರು ಅದರಲ್ಲೂ ಇಲ್ಲ. ತಾತನ ಹತ್ತಿರ ಪಿಂಚಣಿ ಪುಸ್ತಕ ಇರಲಿಲ್ಲ, ಪದಕ ಇರಲಿಲ್ಲ. ಬಿಳಿ ಎನಾಮೆಲ್ಲಿನ ಒಂದು ಮಗ್ಗು ಇತ್ತು, ಅಂಚಿನಲ್ಲಿ ನೀಲಿ ಪಟ್ಟಿ, ತಳದಲ್ಲಿ ತುಕ್ಕು. ಅಲ್ಲಿಂದ ತಂದದ್ದು ಅಂತಿದ್ದ. ಅಜ್ಜಿ ಅದರಲ್ಲಿ ಅಕ್ಕಿ ಅಳೀತಿದ್ದಳು. ಮನೆ ಕೆಡವಿ ಕಟ್ಟಿಸಿದಾಗ ಅದೂ ಎಲ್ಲೋ ಹೋಯ್ತು. ಬೇರೆಯವರು ಇತಿಹಾಸ ಉಳಿಸಲಿಲ್ಲ ಅಂತ ದೂರೋ ನಾನು, ನಮ್ಮನೆ ಮಗ್ಗನ್ನೇ ಉಳಿಸಿಕೊಳ್ಳಲಿಲ್ಲ.

ಅದಕ್ಕೇ ನನ್ನ ಕೋರಿಕೆ ಚಿಕ್ಕದು. ದೊಡ್ಡ ಮ್ಯೂಸಿಯಂ ಬೇಡ. ಇಂಥ ಕಡೆ ಗೇಟಿನ ಹತ್ತಿರ ಎರಡು ಸಾಲಿನ ಒಂದು ಬೋರ್ಡ್ ಇದ್ದರೆ ಸಾಕು: 1942, 204 ಹಾಸಿಗೆ, ಯಾರಿಗಾಗಿ ಅಂತ. ಇನ್ನೊಂದು ಕೆಲಸ ನಮ್ಮ ಕೈಯಲ್ಲೇ ಇದೆ. ದೀಪಾವಳಿಗೆ ಊರಿಗೆ ಹೋದಾಗ ಮನೆಯ ಹಿರಿಯರನ್ನ ಕೂರಿಸಿಕೊಂಡು ಫೋನಿನ ರೆಕಾರ್ಡರ್ ಆನ್ ಮಾಡಿ. ನರ್ಸ್ ಆಗಿದ್ದ ದೊಡ್ಡಮ್ಮ ಇರಬಹುದು, ಸೈನ್ಯದಲ್ಲಿ ಕಾಂಪೌಂಡರ್ ಆಗಿದ್ದ ಕೊಡಗಿನ ಮಾವ ಇರಬಹುದು, ಆಸ್ಪತ್ರೆ ಅಡುಗೆಮನೆಯಲ್ಲಿ ಗಂಜಿ ಬೇಯಿಸಿದವರಿರಬಹುದು. ಅವರು ಜ್ವರದ ಕಥೆ ಹೇಳಿದರೆ ನನ್ನ ಹಾಗೆ ನಿರಾಸೆಪಡಬೇಡಿ. ‘ಗುಂಡೇಟು ಇರಲಿಲ್ವಾ?’ ಅಂತ ಮಧ್ಯೆ ಬಾಯಿ ಹಾಕಬೇಡಿ. ಸುಮ್ಮನೆ ಕೇಳಿ.

ಈಗಲೂ ವಾರಕ್ಕೆ ಮೂರು ದಿನ ಅದೇ ಲೈನಿನಲ್ಲಿ ಹೋಗ್ತೀನಿ. ಏಮ್ಸ್ ಸ್ಟೇಷನ್ ಬಂದಾಗ ಇಳಿಯುವವರಿಗೆ ಸರಿದು ದಾರಿ ಬಿಡ್ತೀನಿ, ಮೊದಲಿನ ಹಾಗೇ. ಫೋನ್ ಮಾತ್ರ ಜೇಬಿನಲ್ಲಿರುತ್ತೆ.